ಮೇಣದ ಪಾಲು

'ಸಫಾರಿ' ಎಂಬ ಮಾತು ನಮ್ಮ ಕಿವಿಗೆ ಹೊಸದೆನಿಸಿದರೂ ಅದರ ನೆಂಟರು ನಮ್ಮ ಊರುಗಳಲ್ಲಿ ಬಹುಕಾಲದಿಂದ ಇದ್ದಾರೆ. ಅರಬ್ಬಿಯಲ್ಲಿ 'ಸಫರ್' ಎಂದರೆ ಪ್ರಯಾಣ. ಅದರಿಂದಲೇ ಮುಸಾಫಿರನೂ ಬಂದ, ನಮ್ಮ ಹಳೆಯ ಪೇಟೆಗಳ ಮುಸಾಫಿರಖಾನೆಯೂ ಬಂದಿತು. ಅದೇ ಮಾತು ಪೂರ್ವ ಆಫ್ರಿಕದ ಕರಾವಳಿಯ ಸ್ವಾಹಿಲಿ ಭಾಷೆಯನ್ನು ಹೊಕ್ಕು ಸಫಾರಿಯಾಯಿತು. ಅಲ್ಲಿಂದ ಬಿಳಿಯ ಬೇಟೆಗಾರರ ಬಾಯಿಗೆ ಬಿದ್ದು, ಮೃಗಗಳನ್ನು ಅರಸಿಕೊಂಡು ಹೋಗುವ ಯಾತ್ರೆಯೆಂಬ ಅರ್ಥವನ್ನು ಪಡೆಯಿತು. ಈಗ ಬಂದೂಕದ ಕಾಲ ಬಹುಮಟ್ಟಿಗೆ ಕಳೆದು ಕ್ಯಾಮರದ ಕಾಲ ಬಂದಿದೆ. ಆಫ್ರಿಕ ಖಂಡದ ದಕ್ಷಿಣ ಭಾಗಕ್ಕೆ, ಎಂದರೆ ದಕ್ಷಿಣ ಆಫ್ರಿಕ, ಬೋಟ್ಸ್ವಾನ, ನಮೀಬಿಯ, ಜಾಂಬಿಯ ಮೊದಲಾದ ದೇಶಗಳಿಗೆ, ಮಾರ್ಗದರ್ಶಿಯನ್ನು ಜೊತೆಗಿಟ್ಟುಕೊಂಡು ಕಾಡನ್ನೂ ಹಕ್ಕಿಗಳನ್ನೂ ನೋಡಲು ಹೋಗುವವರಲ್ಲಿ ನಮ್ಮವರೂ ಇದ್ದಾರೆ. ಹೋಗಬಾರದೆಂದು ನಾನು ಹೇಳುವವನಲ್ಲ. ಆದರೆ ಕಾಣುವವನು ಕಾಣಿಸುವವನಿಗೆ ಏನು ಕೊಡಬೇಕು ಎಂಬ ಪ್ರಶ್ನೆಯೊಂದು ಈ ಯಾತ್ರೆಯೊಳಗೆ ಅಡಗಿದೆ. ಅದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬಹುದು.

ಸಫಾರಿಯ ಪ್ರಚಾರಪತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಮಾತು 'ಬಿಗ್ ಫೈವ್'. ಪಂಚ ಮಹಾಮೃಗಗಳು ಎನ್ನೋಣ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ, ಇವೇ ಆ ಐದು. ಗಾತ್ರವನ್ನು ನೋಡಿ ಆರಿಸಿದ್ದರೆ ನೀರಾನೆಯೂ ಜಿರಾಫೆಯೂ ಹೊರಗುಳಿಯುತ್ತಿರಲಿಲ್ಲ. ಚಿರತೆ ಒಳಗೆ ಬರುತ್ತಿರಲಿಲ್ಲ. ಕಾಲ್ನಡಿಗೆಯಲ್ಲಿ ಬೇಟೆಯಾಡುವವನಿಗೆ ಯಾವ ಪ್ರಾಣಿಗಳಿಂದ ಅಪಾಯ ಹೆಚ್ಚು ಎಂಬ ಲೆಕ್ಕದಿಂದ ಬೇಟೆಗಾರರು ಮಾಡಿದ ಪಟ್ಟಿ ಇದು. ಬಂದೂಕವನ್ನು ಕೆಳಗಿಟ್ಟವರು ಪಟ್ಟಿಯನ್ನು ಮಾತ್ರ ಕೆಳಗಿಡಲಿಲ್ಲ. ಮೂರು ದಿನದಲ್ಲಿ ಐದನ್ನೂ ಮುಗಿಸಿದೆವೆಂದು ಹೇಳಿಕೊಳ್ಳುವ ಪ್ರವಾಸಿಯ ಆ 'ಮುಗಿಸಿದೆವು' ಎಂಬ ಕ್ರಿಯಾಪದವನ್ನು ಗಮನಿಸಬೇಕು. ಪ್ರಾಣಿ ಬದುಕಿದೆ, ನಿಜ. ನೋಟದ ರೀತಿ ಮಾತ್ರ ಹಳೆಯದೇ.

ಹಕ್ಕಿಗಳನ್ನು ನೋಡಹೋಗುವವನ ದಾರಿ ಇದಕ್ಕಿಂತ ಮೇಲೆಂದು ನನ್ನ ಮತ. ಪಟ್ಟಿಯ ಹುಚ್ಚು ಅವನಿಗೂ ಇಲ್ಲದಿಲ್ಲ. ಆದರೂ ಹಕ್ಕಿ ಅವನನ್ನು ಸುಮ್ಮನೆ ನಿಲ್ಲಿಸುತ್ತದೆ. ಕಣ್ಣಿಗಿಂತ ಮೊದಲು ಕಿವಿಯನ್ನು ಬಳಸುವಂತೆ ಮಾಡುತ್ತದೆ. ಹಕ್ಕಿಯ ಹಿಂದೆ ಹೋದ ಕನ್ನಡಿಗನಿಗೆ ಆ ದೂರದ ನಾಡೂ ಪೂರ್ಣ ಪರದೇಶವಾಗಿ ಉಳಿಯುವುದಿಲ್ಲ. ರಂಗನತಿಟ್ಟಿನಲ್ಲಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು, ಥಟ್ಟನೆ ತಲೆಕೆಳಗಾಗಿ ಧುಮುಕುವ ಕಪ್ಪು ಬಿಳುಪಿನ ಮಿಂಚುಳ್ಳಿಯೇ ಬೋಟ್ಸ್ವಾನದ ಒಕವಾಂಗೊ ನದಿಯ ಮೇಲೂ ಧುಮುಕುತ್ತಿರುತ್ತದೆ, ಜಾತಿ ಒಂದೇ. ನಮ್ಮ ಕವಿಗಳು ಮಳೆಹನಿಗಾಗಿ ಬಾಯಿ ತೆರೆದು ಕಾಯಿಸಿದ ಚಾತಕವೂ ಅಲ್ಲಿದೆ. ಮುಂಗಾರಿನೊಡನೆ ಉತ್ತರ ಭಾರತಕ್ಕೆ ಬರುವ ಚಾತಕಗಳು ಆಫ್ರಿಕದಿಂದ ಕಡಲು ದಾಟಿ ಬರುವ ವಲಸೆಗಾರರು. ಒಕವಾಂಗೊ ನದಿಯಾದರೂ ಎಂಥದು! ಅಂಗೋಲದ ಎತ್ತರದ ನಾಡಿನಲ್ಲಿ ಹುಟ್ಟಿ, ನಮೀಬಿಯವನ್ನು ಹಾಯ್ದು, ಕಡಲನ್ನು ಸೇರದೆ ಕಲಹಾರಿಯ ಮರಳಿನಲ್ಲಿ ಹರಡಿಕೊಂಡು ಇಂಗಿಹೋಗುತ್ತದೆ. ಅಂಗೋಲದಲ್ಲಿ ಬಿದ್ದ ಮಳೆಯ ನೀರು ನಿಧಾನವಾಗಿ ಇಳಿದು ಬಂದು, ಸುತ್ತಲಿನ ನೆಲವೆಲ್ಲ ಒಣಗಿರುವ ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿ ಪ್ರವಾಹವಾಗುತ್ತದೆ. ಮಳೆಯಿಲ್ಲದಾಗ ನೆರೆ ಬರುವ ನಾಡು ಅದು.

ಇಂಥ ನಾಡನ್ನು ಹೊರಗಿನಿಂದ ಬಂದವನು ತಾನಾಗಿ ಓದಲಾರ; ಓದಿ ಹೇಳುವವರು ಬೇಕು. ಸಫಾರಿಯ ತೆರೆದ ಮೋಟಾರು ಗಾಡಿಯಲ್ಲಿ ಅನೇಕ ಕಡೆ ಇಬ್ಬರಿರುತ್ತಾರೆ. ಚಕ್ರ ಹಿಡಿದು ಮಾತನಾಡುವ ಮಾರ್ಗದರ್ಶಿ ಒಬ್ಬ. ಗಾಡಿಯ ಮೂತಿಯ ಮೇಲೆ ಕೂಡಿಸಿದ ಪುಟ್ಟ ಪೀಠದಲ್ಲಿ ನೆಲದತ್ತ ಕಣ್ಣಿಟ್ಟು ಕುಳಿತ ಹೆಜ್ಜೆಗಾರ ಮತ್ತೊಬ್ಬ. ಪ್ರವಾಸಿಗರಿಗೆ ಮೊದಲನೆಯವನ ಹೆಸರು ನೆನಪಿರುತ್ತದೆ. ಸಿಂಹವನ್ನು ಕಂಡುಹಿಡಿಯುವವನು ಹೆಚ್ಚಾಗಿ ಎರಡನೆಯವನು. ಹೆಜ್ಜೆಯ ಅಂಚು ಕುಸಿದಿದೆಯೆ, ಅದರ ಮೇಲೆ ಇರುಳಿನ ಹುಳು ಹರಿದ ಗುರುತಿದೆಯೆ, ಇಬ್ಬನಿ ಬಿದ್ದದ್ದು ಹೆಜ್ಜೆಗೆ ಮೊದಲೋ ಆಮೇಲೋ ಎಂಬುದನ್ನೆಲ್ಲ ನೋಡಿ ಮೃಗ ಹೋದ ಹೊತ್ತನ್ನು ಹೇಳುತ್ತಾನೆ. ಹಕ್ಕಿಗಳ ಕೂಗೂ ಅವನಿಗೆ ಸಾಕ್ಷಿ. ಆದರೆ ಎಲ್ಲ ಸಾಕ್ಷಿಯೂ ಸತ್ಯವಲ್ಲವೆಂಬುದು ಅವನಿಗೆ ಗೊತ್ತು. ಕಲಹಾರಿಯ ಕಾಜಾಣ, ನಮ್ಮ ಕಾಜಾಣದ ದಾಯಾದಿ, ಬೇರೆ ಪ್ರಾಣಿಗಳ ಎಚ್ಚರಿಕೆಯ ಕೂಗನ್ನು ಅನುಕರಿಸಿ, ಇಲ್ಲದ ಹದ್ದನ್ನು ಇದೆಯೆಂದು ಸಾರಿ, ಹೆದರಿದವು ಬಿಟ್ಟೋಡಿದ ಹುಳುವನ್ನು ಎತ್ತಿಕೊಂಡು ಹೋಗುತ್ತದೆ! ಲೂಯಿ ಲೀಬೆನ್‌ಬರ್ಗ್ ಎಂಬ ದಕ್ಷಿಣ ಆಫ್ರಿಕದ ವಿದ್ವಾಂಸ ೧೯೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಜ್ಜೆ ಓದುವ ವಿದ್ಯೆಯೇ ವಿಜ್ಞಾನದ ಮೂಲವೆಂದು ವಾದಿಸಿದ್ದಾನೆ. ಗುರುತಿನಿಂದ ಊಹೆ, ಊಹೆಯಿಂದ ಪರೀಕ್ಷೆ, ತಪ್ಪಾದರೆ ಮತ್ತೆ ಗುರುತಿಗೆ ಮರಳುವುದು: ಇದೇ ಅಲ್ಲವೆ ಶಾಸ್ತ್ರದ ಕ್ರಮ? ಆದ್ದರಿಂದ ಆ ಪುಟ್ಟ ಪೀಠದಲ್ಲಿ ಕುಳಿತವನು ಬರಿಯ ಕೂಲಿಯವನಲ್ಲ, ಪಂಡಿತ.

ಮಾರ್ಗದರ್ಶನದ ಮಾತು ಬಂದಾಗ ಆ ನಾಡಿನ ಒಂದು ಸಣ್ಣ ಹಕ್ಕಿಯನ್ನು ನೆನೆಯದಿರಲಾಗದು. ಇಂಗ್ಲಿಷಿನಲ್ಲಿ ಅದರ ಹೆಸರು ಹನಿಗೈಡ್. ನಾವು ಜೇನುತೋರುಗ ಎನ್ನಬಹುದು. ಬಣ್ಣದಲ್ಲಿ ಮೋಹಕವಲ್ಲ, ಹಾಡಿನಲ್ಲಿ ಹೆಸರಾದದ್ದೂ ಅಲ್ಲ. ಮನುಷ್ಯನನ್ನು ಕಂಡರೆ ಚಿಟಿಚಿಟಿ ಎಂದು ಕರೆಯುತ್ತ, ಮರದಿಂದ ಮರಕ್ಕೆ ಹಾರುತ್ತ, ಅವನು ಹಿಂದೆ ಬರುತ್ತಿದ್ದಾನೆಯೆ ಎಂದು ನೋಡುತ್ತ, ಕೊನೆಗೆ ಜೇನುಗೂಡಿರುವ ಪೊಟರೆಯ ಬಳಿಗೆ ಕರೆತರುತ್ತದೆ. ಮನುಷ್ಯ ಹೊಗೆಯಿಕ್ಕಿ, ಮರ ಕಡಿದು ಜೇನು ತೆಗೆಯುತ್ತಾನೆ. ಹಕ್ಕಿಗೆ ಮೇಣ ಸಿಗುತ್ತದೆ. ಮೇಣವನ್ನು ಅರಗಿಸಿಕೊಳ್ಳಬಲ್ಲ ಅಪರೂಪದ ಪ್ರಾಣಿಗಳಲ್ಲಿ ಇದೊಂದು. ಹದಿನಾರನೆಯ ಶತಮಾನದ ಕೊನೆಗೆ ಮೊಜಾಂಬಿಕ್ ಕರಾವಳಿಯ ಸೊಫಾಲದಲ್ಲಿದ್ದ ಪೋರ್ಚುಗೀಸ್ ಪಾದ್ರಿ ಝುವಾವ್ ದೊಸ್ ಸಾಂತೊಸ್, ಇಗರ್ಜಿಯ ಮೇಣದ ಬತ್ತಿಗಳನ್ನು ಕುಕ್ಕಿ ತಿನ್ನುವ ಈ ಹಕ್ಕಿಯ ವಿಷಯವನ್ನು ಬರೆದಿಟ್ಟಿದ್ದಾನೆ. ಇತ್ತೀಚೆಗೆ, ೨೦೧೬ರಲ್ಲಿ, ಕ್ಲೇರ್ ಸ್ಪಾಟಿಸ್ವುಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಉತ್ತರ ಮೊಜಾಂಬಿಕ್‌ನ ನಿಯಾಸ ಕಾಡಿನಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿನ ಯಾವೊ ಜನ ತಂದೆಯಿಂದ ಮಗ ಕಲಿತ ಒಂದು ವಿಶೇಷ ಕೂಗನ್ನು ಕೂಗಿದಾಗ, ಬೇರೆ ಸದ್ದುಗಳಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿ ಜೇನು ಸಿಗುವ ಸಂಭವವಿದೆಯೆಂದು ತೋರಿಬಂದಿತು. ಕರೆಯುವುದು ಹಕ್ಕಿ ಮಾತ್ರವಲ್ಲ, ಮನುಷ್ಯನೂ ಅದನ್ನು ಕರೆಯುತ್ತಾನೆ. ಒಬ್ಬರ ಭಾಷೆ ಮತ್ತೊಬ್ಬರಿಗೆ ತಿಳಿಯುತ್ತದೆ.

ಹಕ್ಕಿಯೇನೂ ಸಾಧುವಲ್ಲ. ಕೋಗಿಲೆಯಂತೆ ಪರರ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿ ಹುಟ್ಟಿದೊಡನೆ ಕೊಕ್ಕಿನ ಕೊಕ್ಕೆಯಿಂದ ಆ ಗೂಡಿನ ಮರಿಗಳನ್ನು ಕೊಲ್ಲುತ್ತದೆ. ಮನುಷ್ಯನೂ ಸಾಧುವಲ್ಲವೆಂಬುದಕ್ಕೆ ಸಾಕ್ಷಿ ಬೇಕಿಲ್ಲ. ಆದರೂ ಇಬ್ಬರ ಒಪ್ಪಂದ ಶತಮಾನಗಳಿಂದ ನಡೆದುಬಂದಿದೆ. ಒಪ್ಪಂದಕ್ಕೆ ಸಾಧುತ್ವ ಬೇಡ, ಪಾಲು ಸರಿಯಾಗಿದ್ದರೆ ಸಾಕು. ಪಾಲು ಕೊಡದವನನ್ನು ಹಕ್ಕಿ ಮುಂದಿನ ಸಲ ಸಿಂಹದ ಬಾಯಿಗೆ ಕರೆದೊಯ್ಯುತ್ತದೆಂದು ಅಲ್ಲಿನ ಜನರ ಕಥೆ. ಅದು ಕಥೆಯೇ ಇರಬಹುದು, ನೀತಿ ಸುಳ್ಳಲ್ಲ. ಜೇನು ಕಿತ್ತವನು ಕೈ ನೆಕ್ಕದೆ ಬಿಡುವನೆ ಎಂದು ನಮ್ಮ ಗಾದೆ ಕೇಳುತ್ತದೆ. ಜೇನನ್ನು ತೋರಿದವನಿಗೇನು ಎಂದು ಆಫ್ರಿಕದ ಕಥೆ ಕೇಳುತ್ತದೆ.

ಆ ಪ್ರಶ್ನೆಯನ್ನು ಸಫಾರಿಗೆ ಹಚ್ಚಿ ನೋಡಿದರೆ ಉತ್ತರ ಸುಖಕರವಾಗಿಲ್ಲ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನ ಜಗತ್ಪ್ರಸಿದ್ಧ. ಸುಮಾರು ೧೯,೫೦೦ ಚದರ ಕಿಲೋಮೀಟರು ವಿಸ್ತಾರ, ಐನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು. ೧೮೯೮ರ ಸಾಬಿ ಮೃಗಧಾಮವೇ ಬೆಳೆದು ೧೯೨೬ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಮುಖ್ಯ ಬಿಡಾರದ ಹೆಸರು ಸ್ಕುಕುಜ. ಇದು ೧೯೦೨ರಲ್ಲಿ ವಾರ್ಡನ್ ಆಗಿ ಬಂದ ಜೇಮ್ಸ್ ಸ್ಟೀವನ್‌ಸನ್ ಹ್ಯಾಮಿಲ್ಟನ್‌ಗೆ ಅಲ್ಲಿನ ಜನ ಇಟ್ಟ ಹೆಸರು. 'ಗುಡಿಸಿಹಾಕುವವನು' ಎಂದು ಅದರ ಅರ್ಥ. ಗುಡಿಸಿಹಾಕಿದ್ದು ಕಸವನ್ನಲ್ಲ, ಅಲ್ಲಿ ವಾಸವಾಗಿದ್ದ ಜನರನ್ನು. ಕಾಡಿನ ಪ್ರಾಣಿಗಳನ್ನು ಉಳಿಸಿದ ಕೀರ್ತಿ ಆತನದು, ಅದನ್ನು ಅಲ್ಲಗಳೆಯಲಾಗದು. ೧೯೩೭ರಲ್ಲಿ ಆತ ಬರೆದ ಪುಸ್ತಕಕ್ಕೆ 'ದಕ್ಷಿಣ ಆಫ್ರಿಕದ ಈಡನ್' ಎಂಬ ಅರ್ಥದ ಹೆಸರಿದೆ. ಬೈಬಲ್ಲಿನ ಈಡನ್ ತೋಟದಿಂದಲೂ ಮನುಷ್ಯರನ್ನು ಹೊರಹಾಕಲಾಯಿತೆಂಬುದು ಓದುಗರಿಗೆ ನೆನಪಿರಬಹುದು. ಅಲ್ಲಿ ತಪ್ಪು ಮಾಡಿದ ಮೇಲೆ ಹೊರಹಾಕಿದರು. ಇಲ್ಲಿ ಇದ್ದದ್ದೇ ತಪ್ಪಾಯಿತು.

ಕ್ರೂಗರ್‌ನ ಉತ್ತರ ತುದಿಯಲ್ಲಿ ಲಿಂಪೊಪೊ ಮತ್ತು ಲುವುವ್ಹು ನದಿಗಳ ನಡುವೆ ಪಾಫುರಿ ಎಂಬ ಪ್ರದೇಶವಿದೆ. ಕಂದುಬಣ್ಣದ ದೊಡ್ಡ ಮೀನುಗೂಬೆಯನ್ನು ಕಾಣಲು ಹಕ್ಕಿಪ್ರಿಯರು ಹಂಬಲಿಸಿ ಬರುವ ತಾಣ ಅದು. ೧೯೬೯ರಲ್ಲಿ ವರ್ಣಭೇದದ ಸರ್ಕಾರ ಅಲ್ಲಿನ ಮಕುಲೇಕೆ ಜನರನ್ನು ಎಬ್ಬಿಸಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ವರ್ಣಭೇದ ಅಳಿದ ಮೇಲೆ ಅವರು ನ್ಯಾಯ ಕೇಳಿ, ೧೯೯೮ರಲ್ಲಿ ಸುಮಾರು ೨೪,೦೦೦ ಹೆಕ್ಟೇರ್ ನೆಲದ ಒಡೆತನವನ್ನು ಮರಳಿ ಪಡೆದರು. ಆಮೇಲೆ ಅವರು ಮಾಡಿದ್ದು ಗಮನಾರ್ಹ. ಕಾಡನ್ನು ಕಡಿಯಲಿಲ್ಲ, ಉಳಲಿಲ್ಲ. ಕಾಡಾಗಿಯೇ ಇಟ್ಟುಕೊಂಡು, ಅತಿಥಿಗೃಹಗಳಿಗೆ ಜಾಗವನ್ನು ಗುತ್ತಿಗೆ ಕೊಟ್ಟರು. ಕಾಡು ಉಳಿಯಬೇಕಾದರೆ ಜನ ಹೋಗಬೇಕೆಂಬ ಸಿದ್ಧಾಂತಕ್ಕೆ ಇದಕ್ಕಿಂತ ಸೌಮ್ಯವಾದ ಉತ್ತರ ಇನ್ನಾವುದು? ಪಶ್ಚಿಮಕ್ಕಿರುವ ಬೋಟ್ಸ್ವಾನದಲ್ಲಿ ಕಥೆ ಇಷ್ಟು ಹಸನಾಗಲಿಲ್ಲ. ೧೯೬೧ರಲ್ಲಿ ಸ್ಥಾಪಿತವಾದ ಮಧ್ಯ ಕಲಹಾರಿ ಮೃಗಧಾಮದಿಂದ ಸಾನ್ ಜನರನ್ನು ೧೯೯೭ ಮತ್ತು ೨೦೦೨ರಲ್ಲಿ ಹೊರಗೆ ಸಾಗಿಸಲಾಯಿತು. ಅದು ಅಕ್ರಮವೆಂದು ೨೦೦೬ರಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ತಮ್ಮ ನೆಲದಲ್ಲಿ ಕೊಳವೆಬಾವಿಯ ನೀರು ಕುಡಿಯುವ ಹಕ್ಕಿಗಾಗಿ ಅವರು ೨೦೧೧ರವರೆಗೂ ಹೋರಾಡಬೇಕಾಯಿತು. ಹೆಜ್ಜೆ ಓದುವುದರಲ್ಲಿ ಜಗತ್ತಿಗೇ ಗುರುಗಳೆನಿಸಿದವರು ಇದೇ ಜನ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಘೇಂಡಾಮೃಗದ ಕೊಂಬಿಗಾಗಿ ಕಳ್ಳಬೇಟೆ ನಡೆದಿರುವಾಗ, ಜನಸಂಖ್ಯೆ ಬೆಳೆದಿರುವಾಗ, ಬೇಲಿಯೂ ಕಾವಲೂ ಇಲ್ಲದೆ ಮೃಗಗಳು ಉಳಿದಾವೆಯೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಕಾವಲು ಬೇಕು, ಸಂಶಯವಿಲ್ಲ. ಆದರೆ ಪಾಲಿಲ್ಲದವನು ಕಾವಲು ಕಾಯುವುದು ಸಂಬಳದ ಮಟ್ಟಿಗೆ ಮಾತ್ರ. ಆನೆ ಹೊಲವನ್ನು ತುಳಿದಾಗ ನಷ್ಟವೆಲ್ಲ ಹಳ್ಳಿಯದು, ಆನೆಯನ್ನು ತೋರಿಸಿ ಬಂದ ಲಾಭವೆಲ್ಲ ಪಟ್ಟಣದ್ದು ಎಂದಾದರೆ ಹಳ್ಳಿಯವನು ಆನೆಯನ್ನು ಏಕೆ ಪ್ರೀತಿಸಬೇಕು? ನಮೀಬಿಯ ೧೯೯೬ರಲ್ಲಿ ಕಾನೂನು ತಿದ್ದಿ, ವನ್ಯಪ್ರಾಣಿಗಳಿಂದ ಬರುವ ಆದಾಯದ ಹಕ್ಕನ್ನು ಹಳ್ಳಿಯ ಸಂಘಗಳಿಗೆ ಕೊಟ್ಟಿತು. ಇಂದು ಅಂಥ ಸಂಘಗಳು ಎಂಬತ್ತಕ್ಕೂ ಹೆಚ್ಚಿವೆ. ಎಲ್ಲವೂ ಚೆನ್ನಾಗಿ ನಡೆದಿವೆಯೆಂದಲ್ಲ, ದಾರಿ ಇದೆಯೆಂಬುದಷ್ಟೆ ಮುಖ್ಯ.

ನಮ್ಮ ದೇಶದಲ್ಲಿಯೂ ಇದಕ್ಕೆ ನಿದರ್ಶನವಿದೆ, ಅದೂ ಆಫ್ರಿಕಕ್ಕೇ ಸಂಬಂಧಪಟ್ಟದ್ದು. ಸೈಬೀರಿಯ ಮತ್ತು ಉತ್ತರ ಚೀನದಲ್ಲಿ ಮರಿಮಾಡುವ ಅಮೂರ್ ಚಾಣ ಎಂಬ ಸಣ್ಣ ಬೇಟೆಹಕ್ಕಿ ಪ್ರತಿವರ್ಷ ನಾಗಾಲ್ಯಾಂಡಿನಲ್ಲಿ ತಂಗಿ, ಭಾರತವನ್ನೂ ಅರಬ್ಬಿ ಸಮುದ್ರವನ್ನೂ ದಾಟಿ ದಕ್ಷಿಣ ಆಫ್ರಿಕವನ್ನು ಮುಟ್ಟುತ್ತದೆ. ೨೦೧೨ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಹಳ್ಳಿಗರು ಬಲೆ ಬೀಸಿ ಈ ಹಕ್ಕಿಗಳನ್ನು ರಾಶಿರಾಶಿಯಾಗಿ ಕೊಂದರು. ಸುದ್ದಿ ಹಬ್ಬಿತು, ಮಾತುಕತೆ ನಡೆಯಿತು. ಮರುವರ್ಷ ಅದೇ ಹಳ್ಳಿಗರು ಬಲೆಯನ್ನು ಮಡಿಸಿಟ್ಟು ಕಾವಲಿಗೆ ನಿಂತರು. ಜನವರಿಯಲ್ಲಿ ದಕ್ಷಿಣ ಆಫ್ರಿಕದ ತಂತಿಗಳ ಮೇಲೆ ಸಾಲಾಗಿ ಕುಳಿತ ಅಮೂರ್ ಚಾಣಗಳನ್ನು ದುರ್ಬೀನಿನಲ್ಲಿ ನೋಡಿ ನಲಿಯುವ ಪ್ರವಾಸಿ, ತಾನು ಕಂಡುಕೇಳದ ಪಂಗ್ಟಿ ಎಂಬ ನಾಗಾ ಹಳ್ಳಿಗೂ ಋಣಿ.

ದೂರದವರಿಗೆ ಬುದ್ಧಿ ಹೇಳಿ ಹತ್ತಿರದ್ದನ್ನು ಮರೆಯಬಾರದು. ನಾಗರಹೊಳೆಯಲ್ಲಿ ಜೇನುಕುರುಬರು, ಹೆಸರಿನಲ್ಲಿಯೇ ಜೇನನ್ನು ಹೊತ್ತವರು, ಅನೇಕ ಕುಟುಂಬಗಳಾಗಿ ಕಾಡಿನಿಂದ ಹೊರಗೆ ಬರಬೇಕಾಯಿತು. ೨೦೦೬ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ ಅವರ ಬೇಡಿಕೆ ಮುಗಿದಿಲ್ಲ. ಪಾಫುರಿಯ ಕಥೆಯನ್ನು ತಿಳಿದವನಿಗೆ ಇದು ಪರಿಚಿತವಾಗಿಯೇ ಕಾಣುತ್ತದೆ.

ಹಾಗಾದರೆ ಪ್ರವಾಸಿಯ ಕರ್ತವ್ಯವೇನು? ಮನೆಯಲ್ಲೇ ಕುಳಿತರೆ ಯಾರಿಗೂ ಉಪಕಾರವಿಲ್ಲ. ಪ್ರವಾಸಿಗಳು ಬರದಿದ್ದರೆ ಮಕುಲೇಕೆಯವರ ಗುತ್ತಿಗೆಯೂ ಬರಿದೇ. ಹೋಗಲಿ, ಆದರೆ ಹೊರಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ. ಈ ನೆಲ ಯಾರದಾಗಿತ್ತು? ಈಗ ಇದರ ಆದಾಯದಲ್ಲಿ ಅವರಿಗೆ ಪಾಲೆಷ್ಟು? ಗಾಡಿಯ ಮುಂದಿನ ಪೀಠದಲ್ಲಿ ಕುಳಿತಿರುವವರ ಹೆಸರೇನು? ಹಣ ಕೊಡುವವರು ಕೇಳುವ ಪ್ರಶ್ನೆಗೆ ವ್ಯಾಪಾರಿ ಎಂದಾದರೂ ಉತ್ತರ ಹುಡುಕಲೇಬೇಕಾಗುತ್ತದೆ. ಜೇನು ಕೀಳುವ ಜನ ಇಲ್ಲವಾದ ಕಡೆಗಳಲ್ಲಿ ಜೇನುತೋರುಗವೂ ದಾರಿ ತೋರುವುದನ್ನು ಕ್ರಮೇಣ ಬಿಟ್ಟಿದೆಯೆಂದು ಬಲ್ಲವರು ಹೇಳುತ್ತಾರೆ. ಹಕ್ಕಿ ಅಲ್ಲಿಯೇ ಇರುತ್ತದೆ, ಪಟ್ಟಿಯಲ್ಲಿ ಅದಕ್ಕೆ ಗುರುತೂ ಬೀಳುತ್ತದೆ. ಆದರೆ ಮನುಷ್ಯನೊಡನೆ ಅದಕ್ಕಿದ್ದ ಮಾತು ನಿಂತುಹೋಗಿರುತ್ತದೆ. ಜನರನ್ನು ಗುಡಿಸಿ ಉಳಿಸಿದ ಕಾಡಿನಲ್ಲಿ ಏನು ಕಡಮೆಯಾಗುತ್ತದೆಂಬುದಕ್ಕೆ ಆ ಮೌನವೇ ಸಾಕಷ್ಟು ಪ್ರಮಾಣ.