ಮೊದಲು ಸ್ಪ್ರಿಂಗು, ಆಮೇಲೆ ಎಂಜಿನ್ನು



ನವೆಂಬರ್ ಬಂದಿತೆಂದರೆ ನಮ್ಮ ಸಂಘದಲ್ಲಿ ಎರಡು ಬಗೆಯ ಸಡಗರ ಒಟ್ಟಿಗೇ ಮೊದಲಾಗುತ್ತದೆ. ಒಂದು ಕಡೆ ರಾಜ್ಯೋತ್ಸವದ ನಾಟಕ, ಕುಣಿತ, ಬಿಸಿಬೇಳೆಬಾತಿನ ಲೆಕ್ಕಾಚಾರ. ಇನ್ನೊಂದು ಕಡೆ, ಬೇಸಿಗೆಯುದ್ದಕ್ಕೂ ಧೂಳು ಹೊದ್ದು ಮಲಗಿದ್ದ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಎಬ್ಬಿಸಿ ಮರುಭೂಮಿಯ ವಿಹಾರಕ್ಕೆ ಅಣಿಗೊಳಿಸುವ ಕೆಲಸ. ಈ ಸಲ ಆ ಎರಡನೆಯ ಗುಂಪಿನ ತರುಣರು ನಮ್ಮಲ್ಲಿ ಬಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: "ಡಾಕ್ಟ್ರೇ, ಗಾಡಿಗೆ ವಿ-8 ಎಂಜಿನ್ ಕೂರಿಸೋಣ ಅಂತಿದ್ದೀವಿ, ಯಾವುದು ಒಳ್ಳೇದು?"

ವೈದ್ಯರನ್ನು ಕೇಳುವ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಕೇಳುವುದಕ್ಕೆ ಕಾರಣವುಂಟು. ವಿಹಾರದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊರುವವರು ನಾವು. ಎಂಜಿನ್ ಬದಲಿಸಿದ ಗಾಡಿಯನ್ನು ಓಡಿಸುವವರೂ ನಾವೇ. ಅವರಿಗೆ ನಾವು ಕೊಡುವ ಉತ್ತರ ಸ್ವಲ್ಪ ನಿರಾಸೆ ಹುಟ್ಟಿಸುವಂಥದು. ಯಾವ ಎಂಜಿನ್ ಎಂಬುದು ಆಮೇಲಿನ ಮಾತು. ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಮೊದಲು ಹೇಳಿ ಎನ್ನುತ್ತೇವೆ. ಈ ಉತ್ತರವನ್ನು ನಾವು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಕಲಿತ ಬಗೆಯನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವೂ ಇಬ್ಬರು ಗೆಳೆಯರೂ ಸೇರಿ ಹಳೆಯದೊಂದು ನಿಸ್ಸಾನ್ ಪೆಟ್ರೋಲ್ ಗಾಡಿಯನ್ನು ಕೊಂಡೆವು. 1997ರಲ್ಲಿ ಮೊದಲು ಬಂದ ವೈ-61 ಎಂಬ ಮಾದರಿ ಅದು. ಕೊಲ್ಲಿಯ ಮರಳಿನಲ್ಲಿ ಓಡಾಡುವವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗು, 4.8 ಲೀಟರಿನ ಆರು ಸಿಲಿಂಡರ್ ಎಂಜಿನ್ನು. ಒಳ್ಳೆಯ ಗಾಡಿ. ನಮಗೆ ಮಾತ್ರ ಅದು ಸಾಲಲಿಲ್ಲ. ಜೊತೆಯ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ದಿಣ್ಣೆ ಹತ್ತಿದ್ದೇ ತಡ, ಮೂವರಿಗೂ ಒಂದೇ ರಾತ್ರಿ ನಿದ್ದೆ ಕೆಟ್ಟಿತು. ನಲವತ್ತು ದಾಟಿದ ಗಂಡಸರ ಈ ಕಾಯಿಲೆಗೆ ನಮ್ಮ ವೈದ್ಯಶಾಸ್ತ್ರದಲ್ಲಿ ಮದ್ದಿಲ್ಲ.

ಕೊನೆಗೆ ಅಮೆರಿಕದ 6.2 ಲೀಟರಿನ ಎಲ್‌ಎಸ್-3 ಎಂಜಿನ್ನನ್ನು ಆರಿಸಿದೆವು. 2008ರ ಕಾರ್ವೆಟ್ ಕಾರಿನೊಡನೆ ಬಂದ 430 ಅಶ್ವಶಕ್ತಿಯ ಎಂಜಿನ್ನು ಅದು. ಇದರ ಕ್ಯಾಮ್ ಶಾಫ್ಟ್ ಒಂದೇ. ಅದೂ ಬ್ಲಾಕಿನ ಒಳಗೇ ಇರುವುದರಿಂದ ತಲೆಭಾಗ ಚಿಕ್ಕದು. ಹಾಗಾಗಿ ಬೇರೆ ಗಾಡಿಯ ಮೂತಿಯೊಳಗೆ ಅದನ್ನು ಇಳಿಸುವುದು ಸುಲಭವೆಂದು ಪ್ರತೀತಿ. ಸುಲಭವೆಂಬುದು ಎಂಜಿನ್ನು ಒಳಗೆ ಹಿಡಿಸುವ ಮಟ್ಟಿಗೆ ಮಾತ್ರ ನಿಜ. ಹಳೆಯ ಗೇರ್ ಬಾಕ್ಸಿಗೂ ಹೊಸ ಎಂಜಿನ್ನಿಗೂ ನಡುವೆ ಅಡಾಪ್ಟರ್ ತಟ್ಟೆ ಬೇಕು. ಸ್ಪ್ರಿಂಗು ಅದುಮಿಕೊಂಡು ಮುಂದಿನ ಆಕ್ಸಲ್ ಮೇಲೆದ್ದಾಗ ಎಣ್ಣೆಯ ಸಂಪಿಗೆ ತಾಗದಂತೆ ಸಂಪಿನ ಆಕಾರವನ್ನು ಬದಲಿಸಬೇಕು. ಹಾಗೆ ಬದಲಿಸಿದ ಸಂಪಿನೊಳಗೆ ಅಡ್ಡತಡೆಗಳಿಲ್ಲದಿದ್ದರೆ, ಕಡಿದಾದ ದಿಣ್ಣೆಯಲ್ಲಿ ಎಣ್ಣೆಯೆಲ್ಲ ಒಂದು ಮೂಲೆಗೆ ಸರಿದು, ಪಂಪು ಗಾಳಿಯನ್ನು ಹೀರಿ, ಬೇರಿಂಗುಗಳು ಒಣಗುತ್ತವೆ. ರೇಡಿಯೇಟರು, ಫ್ಯಾನು, ಇಂಧನದ ಪಂಪು, ವೈರಿಂಗು, ಕಂಪ್ಯೂಟರು, ಸ್ಟಿಯರಿಂಗಿನ ದಂಡಕ್ಕೆ ತಾಗದ ಸೈಲೆನ್ಸರ್ ಕೊಳವೆ, ಹೀಗೆ ಪಟ್ಟಿ ಬೆಳೆಯುತ್ತದೆ. ಶಾರ್ಜಾದ ಕೈಗಾರಿಕಾ ಪ್ರದೇಶದ ಗ್ಯಾರೇಜಿನಲ್ಲಿ ಶುಕ್ರವಾರದ ಮೇಲೆ ಶುಕ್ರವಾರ ಕರಗಿತು. ಗಾಡಿಗಾಗಿ ತೆಗೆದಿಟ್ಟ ಹಣದ ಹತ್ತರಲ್ಲಿ ಎಂಟು ಪಾಲು ಎಂಜಿನ್ನೇ ನುಂಗಿತು.

ಉಳಿದ ಎರಡು ಪಾಲಿನಲ್ಲಿ ನಾಲ್ಕು ಅಂಗುಲ ಎತ್ತರದ ಸ್ಪ್ರಿಂಗುಗಳನ್ನು ಹಾಕಿಸಿದೆವು, ನೋಟಕ್ಕೆ. ಶಾಕ್ ಅಬ್ಸಾರ್ಬರುಗಳು ಆ ಉದ್ದಕ್ಕೆ ಹೊಂದುವ ಅಗ್ಗದವು. ಅಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಎಂಬ ರಬ್ಬರಿನ ಗುಬಟು ಹಳೆಯದೇ ಉಳಿಯಿತು. ಅದರ ಹೆಸರನ್ನು ಆಗ ನಮ್ಮಲ್ಲಿ ಯಾರೂ ಎತ್ತಿದ ನೆನಪಿಲ್ಲ.

ಆ ಚಳಿಗಾಲದ ಮೂರನೆಯ ವಿಹಾರ, ಬದಾಯರ್ ಮರಳುಗಾಡು. ಚಕ್ರದ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿ ಮೂರು ಗಂಟೆಯ ಕಾಲ ಓಡಾಡಿಯಾಗಿತ್ತು. ಮುಂದೆ ನಾವೂ ಗೆಳೆಯರೂ, ಹಿಂದೆ ನಮ್ಮ ಮನೆಯವರು. ಮೊದಲಿನ ಎಂಜಿನ್ನಿನಲ್ಲಿ ಎಷ್ಟೋ ಸಲ ಹತ್ತಿದ್ದಂಥ ದಿಣ್ಣೆ. ಆಗೆಲ್ಲ ನೆತ್ತಿಯ ಹತ್ತಿರ ಬರುವ ಹೊತ್ತಿಗೆ ಗಾಡಿಗೆ ಉಸಿರು ಸೋತು, ತಾನಾಗಿ ನಿಧಾನವಾಗಿ ಆಚೆಗೆ ಜಾರುತ್ತಿತ್ತು. ಈ ಎಂಜಿನ್ನಿಗೆ ಸೋಲು ಗೊತ್ತಿರಲಿಲ್ಲ. ಕಾಲನ್ನು ಅರ್ಧ ಗಳಿಗೆ ತಡವಾಗಿ ಎತ್ತಿದೆವು, ಅಷ್ಟೆ. ನಾಲ್ಕೂ ಚಕ್ರ ಮರಳನ್ನು ಬಿಟ್ಟಿತು.

ಎತ್ತರ ಒಂದು ಮೀಟರಿಗಿಂತ ಹೆಚ್ಚಿರಲಿಲ್ಲ. ಮುಂದೆ ಕೂತವರಿಗೆ ದಿಣ್ಣೆಯ ನೆತ್ತಿ ಕಾಣುತ್ತದೆ, ಕೈಗೆ ಸ್ಟಿಯರಿಂಗೋ ಹಿಡಿಯೋ ಸಿಗುತ್ತದೆ, ಮೈ ತಾನಾಗಿ ಬಿಗಿಯುತ್ತದೆ. ಹಿಂದೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಅವರು ನೀರಿನ ಬಾಟಲಿ ತೆಗೆಯಲೆಂದು ಮುಂದಕ್ಕೆ ಬಾಗಿದ್ದರು. ಹಿಂದಿನ ಆಕ್ಸಲ್ ರಬ್ಬರಿಗೆ ಬಡಿದ ಸದ್ದು ನಮಗೆ ಇಂದಿಗೂ ಕೇಳಿಸುತ್ತದೆ. ಆಮೇಲೆ ಅವರು ಹೇಳಿದ್ದು ಇಷ್ಟೇ: "ಗಾಡಿ ನಿಲ್ಲಿಸಿ. ಬೆನ್ನು."

ಕಾಲಿನ ಬೆರಳು ಆಡುತ್ತಿದ್ದವು, ಸ್ಪರ್ಶ ತಿಳಿಯುತ್ತಿತ್ತು. ಅಷ್ಟನ್ನು ನೋಡಿದ ಮೇಲೆ ನಮ್ಮ ಕೈ ನಡುಗಲು ಶುರುವಾಯಿತು. ಕತ್ತು, ಬೆನ್ನು, ಸೊಂಟ ಒಂದೇ ಸಾಲಿನಲ್ಲಿರುವಂತೆ ನಾಲ್ವರು ಹಿಡಿದು ಹಲಗೆಯ ಮೇಲೆ ಮಲಗಿಸಿ, 998ಕ್ಕೆ ಕರೆಮಾಡಿ, ಡಾಂಬರು ರಸ್ತೆಯವರೆಗೆ ನಡಿಗೆಯ ವೇಗದಲ್ಲಿ ಇನ್ನೊಂದು ಗಾಡಿಯಲ್ಲಿ ಕರೆತಂದೆವು. ಸ್ಕ್ಯಾನಿನಲ್ಲಿ ಸೊಂಟದ ಮೊದಲನೆಯ ಕಶೇರುಕದ ಮುಂಭಾಗ ಮೂರನೆಯ ಒಂದಂಶ ಕುಸಿದಿತ್ತು. ಬೆನ್ನುಹುರಿಗೆ ಏನೂ ಆಗಿರಲಿಲ್ಲ. ಹನ್ನೆರಡು ವಾರ ಪಟ್ಟಿ ಕಟ್ಟಿಕೊಂಡು ಮಲಗಿ, ಕೂತು, ನಡೆದು ಅವರು ಚೇತರಿಸಿಕೊಂಡರು.

ಮುರಿಯುವುದು ಹೆಚ್ಚಾಗಿ ಅಲ್ಲಿಯೇ. ಎದೆಯ ಭಾಗದ ಬೆನ್ನುಮೂಳೆಗೆ ಪಕ್ಕೆಲುಬುಗಳ ಬಂದೋಬಸ್ತು ಇದೆ. ಸೊಂಟದ ಭಾಗ ಬಾಗಿ ಬಳುಕುತ್ತದೆ. ಬಿಗಿಯಾದುದೂ ಬಳುಕುವುದೂ ಸೇರುವ ಗಡಿಯಲ್ಲಿ ಮೇಲಿನಿಂದ ಬಿದ್ದ ಭಾರವೆಲ್ಲ ಒಟ್ಟುಗೂಡುತ್ತದೆ. ಕೂತವರು ಮುಂದಕ್ಕೆ ಬಾಗಿದ್ದರೆ ಆ ಭಾರ ಕಶೇರುಕದ ಮುಂದಿನ ಅಂಚನ್ನು ಹಿಂಡುತ್ತದೆ. ಮೆತ್ತನೆಯ ಸೀಟು ಕಾಪಾಡೀತು ಎಂಬುದೂ ಭ್ರಮೆ. ತೀರ ಮೆತ್ತನೆಯ ಸ್ಪಂಜು ಒಂದೇ ಏಟಿಗೆ ತಳಮುಟ್ಟಿ ಕೆಳಗಿನ ತಗಡನ್ನೇ ಬೆನ್ನಿಗೆ ಒಪ್ಪಿಸುತ್ತದೆ.

ಲೆಕ್ಕ ಬಹಳ ಸರಳ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗವನ್ನು 10 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಮೈಮೇಲೆ ಸರಾಸರಿ ಗುರುತ್ವದ ಹತ್ತು ಪಟ್ಟು ಹೊಡೆತ. 25 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ನಾಲ್ಕು ಪಟ್ಟು. ಸಸ್ಪೆನ್ಷನ್ ಎಂದು ನಾವು ಕರೆಯುವುದು ಈ ದೂರವನ್ನು ಕೊಂಡುಕೊಳ್ಳುವ ಉಪಾಯ. ಅಶ್ವಶಕ್ತಿ ಈ ದೂರಕ್ಕೆ ಒಂದು ಸೆಂಟಿಮೀಟರನ್ನೂ ಸೇರಿಸುವುದಿಲ್ಲ. ಬೀಳುವ ಎತ್ತರಕ್ಕೆ ಬೇಕಾದಷ್ಟು ಸೇರಿಸುತ್ತದೆ. ಹಳೆಯ ಎಂಜಿನ್ನಿನ ದೌರ್ಬಲ್ಯವೇ ಅಷ್ಟು ದಿನ ನಮ್ಮನ್ನು ಕಾಯುತ್ತಿತ್ತೆಂಬುದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹೊಳೆಯಿತು.

ಸ್ಪ್ರಿಂಗು ಮತ್ತು ಶಾಕ್ ಒಂದೇ ಕೆಲಸ ಮಾಡುತ್ತವೆಂದು ಬಹುಮಂದಿ ತಿಳಿದಿದ್ದಾರೆ, ನಾವೂ ತಿಳಿದಿದ್ದೆವು. ಸ್ಪ್ರಿಂಗು ಗಾಡಿಯನ್ನು ಹೊರುತ್ತದೆ, ಹೊಡೆತವನ್ನು ಒಂದು ಗಳಿಗೆ ಸಾಲವಾಗಿ ಇಟ್ಟುಕೊಂಡು ಹಿಂದಿರುಗಿಸುತ್ತದೆ. ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಮುಗಿಸಿಬಿಡುವುದು ಶಾಕ್. ಮೂರು ಗಂಟೆ ಮರಳಿನಲ್ಲಿ ಕುಣಿದ ಸಣ್ಣ ಶಾಕಿನೊಳಗೆ ಎಣ್ಣೆ ಕಾದು ನೊರೆಗಟ್ಟುತ್ತದೆ. ನೊರೆ ಹೊಡೆತವನ್ನು ತಡೆಯದು. ಬೆಳಿಗ್ಗೆ ಸರಿಯಾಗಿದ್ದ ಗಾಡಿ ಮಧ್ಯಾಹ್ನ ಬೇರೆಯದೇ ಗಾಡಿಯಾಗುವುದು ಹೀಗೆ. ಎಣ್ಣೆಯ ಪ್ರಮಾಣ ಹೆಚ್ಚಿರುವ, ಪಕ್ಕದ ಡಬ್ಬಿಯಲ್ಲಿ ನೈಟ್ರೋಜನ್ ಒತ್ತಡ ತುಂಬಿದ ಶಾಕುಗಳಿಗೆ ಬೆಲೆ ಹೆಚ್ಚು. ನೊರೆಗಟ್ಟದಿರುವುದಕ್ಕೆ ಆ ಬೆಲೆ. ಕೊನೆಯ ಕೆಲವು ಅಂಗುಲಗಳಲ್ಲಿ ಹೊಡೆತವನ್ನು ಮೆಲ್ಲಗೆ ನುಂಗುವ ಹೈಡ್ರಾಲಿಕ್ ಬಂಪ್ ಸ್ಟಾಪುಗಳೂ ಸಿಗುತ್ತವೆ. ನಮ್ಮ ಮಟ್ಟಿಗೆ ಅವು ಇಡೀ ಗಾಡಿಯಲ್ಲಿ ಅತ್ಯಂತ ಸಾರ್ಥಕವಾದ ಖರ್ಚು.

ಇನ್ನು ಎತ್ತರದ ವ್ಯಾಮೋಹ. ಗಾಡಿಯನ್ನು ನಾಲ್ಕು ಅಂಗುಲ ಎತ್ತಿದರೆ ಗುರುತ್ವಕೇಂದ್ರ ಮೇಲೇರುತ್ತದೆ. ದಿಣ್ಣೆಯ ಪಕ್ಕೆಯಲ್ಲಿ ಅಡ್ಡ ಹೋಗುವಾಗ ಉರುಳುವ ಭಯ ಅಷ್ಟಕ್ಕಷ್ಟೇ ಹೆಚ್ಚು. ಮುಂದಿನ ಆಕ್ಸಲಿನ ಕ್ಯಾಸ್ಟರ್ ಕೋನ ತಪ್ಪಿ ಹೆದ್ದಾರಿಯಲ್ಲಿ ಸ್ಟಿಯರಿಂಗು ಅಲೆಯುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳು ವಕ್ರ ಕೋನದಲ್ಲಿ ತಿರುಗಿ ನಡುಗುತ್ತವೆ, ಬ್ರೇಕಿನ ಹೋಸುಗಳು ಜಗ್ಗುತ್ತವೆ. ಹಜರ್ ಪರ್ವತದ ವಾದಿಗಳಲ್ಲಿ ಬಂಡೆ ಹತ್ತುವವರಿಗೆ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯಬೇಕು; ಎತ್ತರಕ್ಕೂ ಅಲ್ಲಿ ಅರ್ಥವಿದೆ. ಮರಳಿನಲ್ಲಿ ಎರಡು ಅಂಗುಲ ಧಾರಾಳವಾಗಿ ಸಾಕು. ಸ್ಪ್ರಿಂಗು ಕೊಳ್ಳುವ ಮೊದಲು ಹೆಂಡತಿ ಮಕ್ಕಳು, ನೀರಿನ ಕ್ಯಾನು, ಪುಳಿಯೋಗರೆಯ ಡಬ್ಬಿ ಸಮೇತ ಗಾಡಿಯನ್ನು ವೇ ಬ್ರಿಡ್ಜಿಗೆ ಒಯ್ದು, ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ ತೂಗಿಸಿ. ಖಾಲಿ ಗಾಡಿಗೆ ಆರಿಸಿದ ಸ್ಪ್ರಿಂಗು ತುಂಬಿದ ಗಾಡಿಯಲ್ಲಿ ಅರ್ಧ ಕುಸಿದೇ ಹೊರಡುತ್ತದೆ; ತುಂಬಿದ ಗಾಡಿಗೆಂದು ತೀರ ಗಡುಸಾದುದನ್ನು ಹಾಕಿದರೆ ಖಾಲಿಯಿದ್ದಾಗ ಕಲ್ಲಿನಂತೆ ಒದೆಯುತ್ತದೆ.

ಎಂಜಿನ್ ಬದಲಿಸುವುದೇ ತಪ್ಪೆಂದು ನಾವು ವಾದಿಸುತ್ತಿಲ್ಲ. ಮರಳು ಶಕ್ತಿಯನ್ನು ಹೀರುತ್ತದೆ. ಭಾರದ ಗಾಡಿಗೆ ಚಿಕ್ಕ ಎಂಜಿನ್ನಿದ್ದರೆ ಓಡಿಸುವವರು ದೂರದಿಂದಲೇ ವೇಗ ಕೂಡಿಸಿಕೊಂಡು ದಿಣ್ಣೆಗೆ ನುಗ್ಗಬೇಕಾಗುತ್ತದೆ, ಅದೂ ಅಪಾಯವೇ. ನುರಿತ ಕೈಯಲ್ಲಿ ದೊಡ್ಡ ಎಂಜಿನ್ನು ನಿಧಾನವಾಗಿ ಹತ್ತುವ ಸೌಕರ್ಯವನ್ನು ಕೊಡುತ್ತದೆಂಬ ತರುಣರ ವಾದವನ್ನು ನಾವು ಒಪ್ಪುತ್ತೇವೆ. ನಮ್ಮ ಕೈ ಅಷ್ಟು ನುರಿತಿರಲಿಲ್ಲ. ಸವೆದ ಎಂಜಿನ್ನಿಗೆ ಬದಲಾಗಿ ಅದೇ ಜಾತಿಯ ಗಟ್ಟಿ ಎಂಜಿನ್ನನ್ನು ಕೂರಿಸುವುದಂತೂ ವಿವೇಕದ ಕೆಲಸ. ಅದಕ್ಕೆ ಅಡಾಪ್ಟರೂ ಬೇಡ, ಹೊಸ ಸಂಪೂ ಬೇಡ.

ಈ ಮಾತು ಬಂದಾಗ ಮೂವರಲ್ಲಿ ಒಬ್ಬರಾದ ಚಿಕ್ಕಮಗಳೂರಿನ ಗೆಳೆಯರು ತಮ್ಮ ತೋಟದ ವಿಲ್ಲಿಸ್ ಜೀಪನ್ನು ನೆನೆಯುತ್ತಾರೆ. ಮಲೆನಾಡಿನ ಎಷ್ಟೋ ಕಾಫಿ ತೋಟಗಳಲ್ಲಿ ಹಾಗೆ ಪೆಟ್ರೋಲಿನ ಹರಿಕೇನ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಏರಿಸಿದ್ದುಂಟು. ಉದ್ದೇಶ ಇಂಧನದ ಉಳಿತಾಯ. ವೇಗದ ಯೋಚನೆ ಯಾರಿಗೂ ಇರಲಿಲ್ಲ. ಗೆಳೆಯರ ತಂದೆ ಪ್ರತಿ ಮಳೆಗಾಲಕ್ಕೆ ಮುಂಚೆ ಮೊದಲು ನೋಡಿಸುತ್ತಿದ್ದುದು ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನಂತೆ. ಹಿಂದೆ ಕೂತು ಬರುವವರು ಕೆಲಸದ ಹೆಂಗಸರು, ಅವರಲ್ಲಿ ಬಸುರಿಯರೂ ಇರುತ್ತಾರೆ ಎಂಬುದು ಅವರ ಕಾರಣ. ಆ ಜೀಪು ಗಂಟೆಗೆ ಇಪ್ಪತ್ತು ಕಿಲೋಮೀಟರು ದಾಟಿದ್ದು ಅಪರೂಪ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. ಪೂರ್ವಾನುಮತಿಯಿಲ್ಲದೆ ಎಂಜಿನ್ನನ್ನೋ ಚಾಸಿಯನ್ನೋ ಬದಲಿಸುವುದು ಈ ದೇಶದಲ್ಲಿ ಅಪರಾಧ. ದಂಡವೂ ಉಂಟು, ಕಪ್ಪು ಅಂಕಗಳೂ ಉಂಟು, ಗಾಡಿ ಜಪ್ತಿಯೂ ಆಗುತ್ತದೆ. ಮುಲ್ಕಿಯಾದಲ್ಲಿ ಇರುವುದೊಂದು, ಬಾನೆಟ್ಟಿನ ಕೆಳಗೆ ಇರುವುದೊಂದು ಆದರೆ ಅಪಘಾತದ ದಿನ ವಿಮೆಯವರು ಏನೆನ್ನುತ್ತಾರೆಂದು ಊಹಿಸಲು ವಕೀಲರು ಬೇಕಾಗಿಲ್ಲ.

ಆದ್ದರಿಂದ ಈ ವರ್ಷದ ವಿಹಾರ ಸಮಿತಿಯ ಮುಂದೆ ನಾವೊಂದು ಸಲಹೆ ಇಟ್ಟಿದ್ದೇವೆ. ಎಂಜಿನ್ ಬದಲಿಸಿದ ಗಾಡಿ ಮೊದಲನೆಯ ಚಳಿಗಾಲವನ್ನು ಹಿಂದಿನ ಸೀಟು ಖಾಲಿ ಇಟ್ಟುಕೊಂಡೇ ಕಳೆಯಲಿ. ಹೊಸ ಶಕ್ತಿಯ ಅಳತೆ ಓಡಿಸುವವರ ಕಾಲಿಗೆ ತಿಳಿಯುವುದಕ್ಕೆ ಅಷ್ಟು ಸಮಯ ಬೇಕು. ಮೂರನೆಯ ಸಾಲಿನಲ್ಲಿ, ಅಂದರೆ ಹಿಂದಿನ ಆಕ್ಸಲಿನ ನೆತ್ತಿಯ ಮೇಲೆ ಮಕ್ಕಳನ್ನು ಯಾವ ಗಾಡಿಯಲ್ಲೂ ಕೂರಿಸುವುದು ಬೇಡ. ದಿಣ್ಣೆಯ ಆಚೆ ಏನಿದೆಯೆಂದು ಮುಂದಿನ ಗಾಡಿಯವರು ರೇಡಿಯೋದಲ್ಲಿ ಹೇಳುವವರೆಗೆ ಹಿಂದಿನವರು ಹತ್ತಕೂಡದು. ಸಂಘ ಪೊಲೀಸು ಠಾಣೆಯಲ್ಲ ಎಂದು ಒಬ್ಬ ಕಿರಿಯ ಮಿತ್ರರು ಸಭೆಯಲ್ಲಿ ಸಿಟ್ಟಾದರು. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ, ಅವರ ವಯಸ್ಸಿಗೆ ನಾವೂ ಹಾಗೇ ಹೇಳುತ್ತಿದ್ದೆವು. ಆದರೂ ಸಲಹೆಯನ್ನು ಹಿಂತೆಗೆದುಕೊಂಡಿಲ್ಲ. ಚಿಕಿತ್ಸೆಯ ಪೆಟ್ಟಿಗೆ ಹೊರುವವರಿಗೂ ಒಂದು ಮತ ಇರಬೇಕು.

ನಮ್ಮ ಗಾಡಿ ಈಗಲೂ ಇದೆ, ಎಂಜಿನ್ನೂ ಅದೇ. ಎರಡು ಅಂಗುಲ ಕೆಳಗಿಳಿದಿದೆ. ದಪ್ಪ ಶಾಕುಗಳು, ಹೈಡ್ರಾಲಿಕ್ ಬಂಪ್ ಸ್ಟಾಪುಗಳು, ದೊಡ್ಡ ಬ್ರೇಕು ಡಿಸ್ಕುಗಳು ಬಂದಿವೆ. ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆಯವರು ಮತ್ತೆ ಮರಳಿಗೆ ಬಂದರು. ಗಾಡಿಯ ಬಾಗಿಲು ತೆರೆದು ಹಿಂದಿನ ಸೀಟನ್ನು ಒಮ್ಮೆ ನೋಡಿ, "ಬರೋಲ್ಲ ಅಂದಿಲ್ಲ, ಹಿಂದೆ ಕೂರೋಲ್ಲ ಅಂದೆ" ಎಂದು ಮುಂದೆ ಹತ್ತಿ ಬೆಲ್ಟು ಬಿಗಿದುಕೊಂಡರು. ಗೆಳೆಯರು ಮಾತಿಲ್ಲದೆ ಹಿಂದಕ್ಕೆ ಹೋದರು.