ಪ್ಯಾನೆಲ್ ಬರುವ ಮೊದಲು ತಂಗಡಿಯ ಲೆಕ್ಕ ಬರೆಯಿರಿ

ತಂಗಡಿ ಗಿಡವನ್ನು ನಮ್ಮ ಕಡೆ ಯಾರೂ ನೆಟ್ಟು ಬೆಳೆಸಿದ್ದಲ್ಲ. ಬದು, ಬೀಳು, ರಸ್ತೆ ಪಕ್ಕ ತಾನೇ ಹುಟ್ಟುತ್ತದೆ, ಮಳೆ ಕೈಕೊಟ್ಟ ವರ್ಷವೂ ಹಳದಿ ಹೂ ಬಿಡುತ್ತದೆ. ದನ ಬಾಯಿ ಹಾಕುವುದಿಲ್ಲ. ಹಿಂದೆ ತೊಗಟೆ ಚರ್ಮ ಹದ ಮಾಡಲು ಹೋಗುತ್ತಿತ್ತು, ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು. ಪಾವಗಡದ ತೆಲುಗು ಮನೆಗಳಲ್ಲಿ ಇದು ತಂಗೇಡು. ತೆಲಂಗಾಣ ಇದನ್ನೇ ರಾಜ್ಯದ ಹೂ ಮಾಡಿಕೊಂಡಿದೆ. ನಮಗೆ ಮಾತ್ರ ಕಳೆ!

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತಂಗಡಿ, ತಗಚೆ, ಕಕ್ಕೆ ಮೂರನ್ನೂ ಕ್ಯಾಸಿಯಾ ಎಂಬ ಒಂದೇ ಗುಂಪಿಗೆ ಸೇರಿಸಿದ. ತಂಗಡಿಗೆ ಕೊಟ್ಟ ಹೆಸರು ಆರಿಕ್ಯುಲೇಟಾ, ಅಂದರೆ ಕಿವಿಯುಳ್ಳದ್ದು. ಎಲೆಯ ಬುಡ ನೋಡಿ, ಕಿವಿಯಂಥ ಅಗಲದ ಎಸಳು ಕಾಣುತ್ತದೆ. ಆಮೇಲೆ ಹೂವಿನ ಕೇಸರ ಬಿಡಿಸಿ ನೋಡಿದವರು ತಂಗಡಿ, ತಗಚೆಯನ್ನು ಸೆನ್ನಾ ಗುಂಪಿಗೆ ಕಳಿಸಿದರು, ಉದ್ದ ಬಾಗಿದ ಕೇಸರದ ಕಕ್ಕೆ ಅಲ್ಲೇ ಉಳಿಯಿತು. ನಮ್ಮ ಕುರಿ ಕಾಯುವವರು ಈ ಮೂರನ್ನೂ ಯಾವತ್ತೂ ಒಂದು ಮಾಡಿರಲಿಲ್ಲ ಬಿಡಿ.

ಪುಸ್ತಕದ ಕೆಲಸ ಸಣ್ಣದೆಂದು ಹೇಳುತ್ತಿಲ್ಲ. ಸಲ್ಡಾನಾ ಮತ್ತು ನಿಕೋಲ್ಸನ್ ಹಾಸನ ಜಿಲ್ಲೆಯ ಗಿಡಗಳನ್ನು ಪಟ್ಟಿ ಮಾಡಿ 1976ರಲ್ಲೇ ದೊಡ್ಡ ಪುಸ್ತಕ ತಂದರು. ಮಲೆನಾಡಿಗೆ ಹೋಗುವಷ್ಟು ಜನ ಬಯಲುಸೀಮೆಯ ಮುಳ್ಳುಕಂಟಿ ನೋಡಲು ಬರುವುದಿಲ್ಲ ಎನ್ನುವುದೇ ನನ್ನ ತಕರಾರು.

ಬಲಸಮುದ್ರ, ತಿರುಮಣಿ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಬರಗಾಲ ಕಂಡ ರೈತ ಅದಕ್ಕೆ ಒಪ್ಪಿದ್ದನ್ನು ತಪ್ಪು ಎನ್ನಲಾರೆ. ಆದರೆ ಸೋಲಾರ್‌ಗೆ ಪರಿಸರ ಪರಿಣಾಮದ ವರದಿಯಿಂದ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. ಹಾಗಾಗಿ ಪ್ಯಾನೆಲ್ ಹಾಕುವ ಮುಂಚೆ ಆ ನೆಲದಲ್ಲಿ ಏನೇನು ಬೆಳೆಯುತ್ತಿತ್ತೆಂದು ಬರೆದಿಡಲೇಬೇಕೆಂಬ ಕಟ್ಟುಪಾಡಿಲ್ಲ. ಗುತ್ತಿಗೆ ಮುಗಿದು ನೆಲ ವಾಪಸು ಬಂದಾಗ ಯಾವ ಗಿಡ ಹೋಯಿತೆಂದು ಯಾರನ್ನು ಕೇಳುವುದು?

ದಾರಿ ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರವರನ್ನು ಕೇಳಿ ಜನತಾ ದಾಖಲಾತಿ ಬರೆಯಬೇಕು. ಎಷ್ಟೋ ಕಡೆ ಅದನ್ನು ಕಚೇರಿಯಲ್ಲೇ ಕೂತು ತುಂಬಿ ಬೀರುವಿಗೆ ಸೇರಿಸುತ್ತಾರೆ. ಮುಂದಿನ ಗ್ರಾಮಸಭೆಗೆ ಆ ಪುಸ್ತಕ ತರಿಸಿ. ಕುರಿ ಕಾಯುವವರನ್ನು, ನಾಟಿ ಔಷಧಿ ಕೊಡುವ ಅಜ್ಜಿಯರನ್ನು ಮುಂದೆ ಕೂರಿಸಿ, ತಂಗಡಿ ಯಾವ ಪುಟದಲ್ಲಿದೆ ಎಂದು ಪಿಡಿಒ ಅವರನ್ನು ಕೇಳಿ.