ಹುಡುಗಿಯರ ಕಾಲೇಜು: ಗೇಟಿಗಾಗಿಯೋ, ಲೇತ್‌ಗಾಗಿಯೋ?

ಅಕ್ಕನ ಮಗಳು ದಾವಣಗೆರೆಯಲ್ಲಿ ಎರಡನೇ ಪಿಯುಸಿ ಓದ್ತಿದ್ದಾಳೆ. ಹೋದ ವಾರ ಫೋನ್ ಮಾಡಿ, "ಚಿಕ್ಕಮ್ಮ, ಅಮೆರಿಕದ ಸ್ಮಿತ್ ಕಾಲೇಜಿಗೆ ಅಪ್ಲೈ ಮಾಡ್ತೀನಿ ಅಂದೆ, ಅಪ್ಪ ಒಂದೇ ಮಾತಿಗೆ ಒಪ್ಕೊಂಡ್ರು" ಅಂದಳು. ಮಗಳನ್ನು ಬೆಂಗಳೂರಿಗೆ ಕಳಿಸೋಕೇ ಹಿಂದೆಮುಂದೆ ನೋಡೋ ನಮ್ಮ ಭಾವ ಇದಕ್ಕೆ ಹೇಗೆ ಒಪ್ಪಿದರು? "ಬರೀ ಹುಡುಗಿಯರ ಕಾಲೇಜು, ಹುಡುಗರ ಕಾಟ ಇರಲ್ಲ" ಅಂದರಂತೆ.

ಭಾವ ಲೆಕ್ಕ ತಪ್ಪಿರೋದು ಇಲ್ಲೇ. ನಮ್ಮಲ್ಲಿ ಮಹಿಳಾ ಕಾಲೇಜು ಅಂದ್ರೆ ಕಾಂಪೌಂಡು, ವಾರ್ಡನ್, ರಾತ್ರಿ ಎಂಟಕ್ಕೆ ಬೀಳೋ ಗೇಟು. ಅಲ್ಲಿನದು ಬೇರೆ ಕಥೆ. ಹಾರ್ವರ್ಡ್‌ನಂಥ ಕಡೆ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಹುಟ್ಟಿದ ಸಂಸ್ಥೆಗಳು ಅವು. 1837ರ ಮೌಂಟ್ ಹೋಲಿಯೋಕ್‌ನಿಂದ 1889ರ ಬಾರ್ನಾರ್ಡ್‌ವರೆಗಿನ ಏಳು ಕಾಲೇಜುಗಳನ್ನು 'ಸೆವೆನ್ ಸಿಸ್ಟರ್ಸ್' ಅಂತಾರೆ. ವಾಸರ್ 1969ರಲ್ಲಿ ಹುಡುಗರಿಗೂ ತೆರೆಯಿತು, ರಾಡ್‌ಕ್ಲಿಫ್ 1999ರಲ್ಲಿ ಹಾರ್ವರ್ಡ್‌ನಲ್ಲಿ ಪೂರ್ತಿ ಲೀನವಾಯಿತು. ಮಹಿಳಾ ಕಾಲೇಜುಗಳಾಗಿ ಉಳಿದಿರೋದು ಐದು: ವೆಲ್ಸ್ಲಿ, ಸ್ಮಿತ್, ಬ್ರಿನ್ ಮಾರ್, ಮೌಂಟ್ ಹೋಲಿಯೋಕ್, ಬಾರ್ನಾರ್ಡ್.

ಇವು ದ್ವೀಪಗಳೂ ಅಲ್ಲ. ಸ್ಮಿತ್‌ನ ವಿದ್ಯಾರ್ಥಿನಿ ಆಮ್ಹರ್ಸ್ಟ್ ಕಾಲೇಜಿನಲ್ಲೋ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲೋ ಕ್ಲಾಸ್ ತಗೋಬಹುದು, ವೆಲ್ಸ್ಲಿಯವಳು ಎಂಐಟಿಯಲ್ಲಿ. ಬಾರ್ನಾರ್ಡ್‌ನ ಎದುರು ರಸ್ತೆಯೇ ಕೊಲಂಬಿಯಾ. ಭಾವ ಹೆದರೋ 'ಹುಡುಗರು' ಪಕ್ಕದ ಬೆಂಚಲ್ಲೇ ಇರ್ತಾರೆ.

ಹಾಗಾದ್ರೆ ಮಹಿಳಾ ಕಾಲೇಜು ಯಾಕೆ ಬೇಕು? ನನ್ನದೇ ಅನುಭವ ಹೇಳ್ತೀನಿ. ನಮ್ಮ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಅರವತ್ತು ಜನ, ಅದರಲ್ಲಿ ಹುಡುಗಿಯರು ನಾಲ್ವರು. ವರ್ಕ್‌ಶಾಪ್‌ನಲ್ಲಿ ಹುಡುಗರು ಲೇತ್ ಓಡಿಸ್ತಿದ್ರು, ನಾವು ರೀಡಿಂಗ್ ಬರ್ಕೊಳ್ತಿದ್ವಿ. "ನಿಮ್ಮ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ" ಅನ್ನೋದೇ ನಮಗೆ ಸಿಕ್ಕ ಸರ್ಟಿಫಿಕೇಟು. ನಾಲ್ಕು ವರ್ಷದಲ್ಲಿ ನಾನು ಲೇತ್ ಮುಟ್ಟಿದ್ದು ಎಕ್ಸಾಮ್ ದಿನ ಮಾತ್ರ. 1999ರಲ್ಲಿ ಸ್ಮಿತ್ ಎಂಜಿನಿಯರಿಂಗ್ ಶುರು ಮಾಡಿತು. ಅಮೆರಿಕದ ಮಹಿಳಾ ಕಾಲೇಜೊಂದರಲ್ಲಿ ಅದೇ ಮೊದಲು. ಅಲ್ಲಿ ಮೆಷಿನ್ ಮುಂದೆ ನಿಲ್ಲೋದೂ ಹುಡುಗಿಯೇ, ಕೆಡಿಸಿ ಬೈಸಿಕೊಳ್ಳೋದೂ ಹುಡುಗಿಯೇ. ಇದರ ಬೆಲೆ ರೀಡಿಂಗ್ ಬರ್ಕೊಂಡ ನಮಗೆ ಗೊತ್ತು.

ಲಿಬರಲ್ ಆರ್ಟ್ಸ್ ಅಂದ ತಕ್ಷಣ ಬಿ.ಎ. ಅಂದುಕೊಳ್ಳೋದೂ ಬೇಡ. ಸಿಇಟಿ ಆಪ್ಷನ್ ಎಂಟ್ರಿಯ ಥರ ಹದಿನೆಂಟಕ್ಕೇ ಬ್ರಾಂಚು ಕಟ್ಟಿಹಾಕಲ್ಲ. ಫಿಸಿಕ್ಸ್ ಜೊತೆ ಚರಿತ್ರೆ ಓದಿ, ಎರಡನೇ ವರ್ಷದ ಹೊತ್ತಿಗೆ ಮೇಜರ್ ಹೇಳಿದರಾಯ್ತು. ಆದರೆ ಆ ಆಯ್ಕೆಗೆ ವೀಸಾ ಲೆಕ್ಕವೂ ಅಂಟಿಕೊಂಡಿದೆ. ಓದಿನ ನಂತರ ಕೆಲಸಕ್ಕೆ ಸಿಗೋ ಅವಕಾಶ 12 ತಿಂಗಳು. ಮೇಜರ್ ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸೇರಿಸಿಕೊಳ್ಳಬಹುದು. ಸಾಲ ಮಾಡಿ ಹೋಗೋರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಈಗ ದುಡ್ಡು. ಫೀಸು, ಹಾಸ್ಟೆಲು, ಊಟ ಸೇರಿ ವರ್ಷಕ್ಕೆ 90,000 ಡಾಲರ್ ಆಸುಪಾಸು. ಅಂದ್ರೆ ನಾಲ್ಕು ವರ್ಷಕ್ಕೆ ಮೂರು ಕೋಟಿ ರೂಪಾಯಿಗೂ ಮೇಲೆ. ವೆಲ್ಸ್ಲಿ, ಸ್ಮಿತ್‌ನಂಥವು ಸೇರಿಸಿಕೊಂಡವರಿಗೆ ಕುಟುಂಬದ ಆದಾಯ ನೋಡಿ ಬೇಕಾದಷ್ಟು ನೆರವು ಕೊಡ್ತವೆ ಅನ್ನೋದು ನಿಜ. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿರೋದು ಇಷ್ಟೇ. ವಿದೇಶಿ ವಿದ್ಯಾರ್ಥಿನಿ ನೆರವು ಕೇಳಿದರೆ ಆ ಕೋರಿಕೆಯೂ ಸೀಟಿನ ತೀರ್ಮಾನದಲ್ಲಿ ಲೆಕ್ಕಕ್ಕೆ ಬರುತ್ತೆ. ವೆಲ್ಸ್ಲಿಯಲ್ಲಿ ಅಮೆರಿಕದ ಪ್ರಜೆಗಳಿಗೆ ಈ ತೊಡಕಿಲ್ಲ. ಅಂದ್ರೆ ದುಡ್ಡಿರೋರಿಗೂ ಇಲ್ಲದೋರಿಗೂ ಬಾಗಿಲು ಒಂದೇ ಅಗಲ ಇಲ್ಲ. ಹಾಗಂತ "ಮೊದಲು ಸೀಟು, ನೆರವು ಆಮೇಲೆ" ಅನ್ನೋ ಜಾಣತನ ಬೇಡ. ಅರ್ಜಿ ಹಾಕುವಾಗ ಕೇಳದಿದ್ದ ವಿದೇಶಿ ವಿದ್ಯಾರ್ಥಿನಿಗೆ ಹಲವು ಕಡೆ ಆಮೇಲೆ ನೆರವು ಸಿಗಲ್ಲ.

ರಾಜಕೀಯ? ಅದನ್ನೂ ತಿಳ್ಕೊಂಡೇ ಹೋಗ್ಬೇಕು. 2014-15ರಿಂದ ಈ ಕಾಲೇಜುಗಳು ಒಂದೊಂದಾಗಿ ಟ್ರಾನ್ಸ್ ಮಹಿಳೆಯರಿಗೆ ಪ್ರವೇಶ ಕೊಟ್ಟವು. 2023ರಲ್ಲಿ ವೆಲ್ಸ್ಲಿ ವಿದ್ಯಾರ್ಥಿಗಳು ಟ್ರಾನ್ಸ್ ಪುರುಷರಿಗೂ ಪ್ರವೇಶ ಇರಲಿ ಅಂತ ಮತ ಹಾಕಿದರು, ಆಡಳಿತ ಒಪ್ಪಲಿಲ್ಲ. ಪ್ರಶ್ನೆ ಕೇಳೋದನ್ನು ಕಲಿಸ್ತೀವಿ ಅನ್ನೋ ಸಂಸ್ಥೆಗಳೇ ಪ್ರಶ್ನೆ ತಮ್ಮತ್ತ ತಿರುಗಿದಾಗ ಹೇಗಿರ್ತವೆ ಅನ್ನೋಕೆ ಇನ್ನೊಂದು ಉದಾಹರಣೆ ಬಾರ್ನಾರ್ಡ್: ಗಾಜಾ ಪ್ರತಿಭಟನೆ ವೇಳೆ, 2024ರ ಏಪ್ರಿಲ್‌ನಲ್ಲಿ, 50ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅಮಾನತು ಮಾಡಿತು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳೋರು ಸೋಷಿಯಲ್ ಮೀಡಿಯಾ ಖಾತೆ ಎಲ್ಲರಿಗೂ ಕಾಣೋ ಹಾಗೆ ಇಡಬೇಕು ಅನ್ನುತ್ತೆ ಅಮೆರಿಕ ಸರ್ಕಾರ. ನೀವು ಹಾಕಿದ ಪೋಸ್ಟನ್ನು ಪ್ರೊಫೆಸರ್‌ಗಿಂತ ಮೊದಲು ವೀಸಾ ಅಧಿಕಾರಿ ಓದ್ತಾರೆ.

ಇಷ್ಟೆಲ್ಲಾ ಕೇಳಿದ ಮೇಲೆ ಅವಳು, "ಹಾಗಾದ್ರೆ ಹಾಕ್ಲಾ, ಬೇಡ್ವಾ ಚಿಕ್ಕಮ್ಮ?" ಅಂದಳು. ಹಾಕು ಅಂದೆ. ನೆರವಿನ ಅರ್ಜಿ ಜೊತೆಗೇ ಹಾಕು, ಇಲ್ಲಿನ ಸಿಇಟಿಯನ್ನೂ ಬಿಡಬೇಡ. ಆದರೆ ಅದಕ್ಕೂ ಮುಂಚೆ ಅಪ್ಪನ ಮುಂದೆ ಕೂತು ನಿಜ ಹೇಳು, ಅಲ್ಲಿ ಗೇಟು ಬೀಳಲ್ಲ ಅಂತ.

"ಹೇಳಿದ್ರೆ ಕಳಿಸಲ್ಲ" ಅಂದಳು.

ಅವಳ ಮಾತು ನಿಜ ಇರಬಹುದು. ಆದರೆ ಅಪ್ಪನ ತಪ್ಪು ತಿಳಿವಳಿಕೆ ಮೇಲೆ ಸಿಕ್ಕ ಒಪ್ಪಿಗೆ, ಅದು ತಿಳಿದ ದಿನವೇ ವಾಪಸ್ ಹೋಗುತ್ತೆ. ಆಗ ಅವಳು ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಇರ್ತಾಳೆ. ಈ ಭಾನುವಾರ ದಾವಣಗೆರೆಗೆ ಹೊರಟಿದ್ದೀನಿ. ಭಾವನ ಹತ್ತಿರ ಗೇಟಿನ ಮಾತು ಆಮೇಲೆ, ಮೊದಲು ಲೇತ್ ಕಥೆ ಹೇಳ್ತೀನಿ.